ಮುಚ್ಚಿಟ್ಟ ಹಿಟ್ಟು

ಬ್ರೆಡ್ಡಜ್ಜಿಯ ಬೇಕರಿಯಲ್ಲಿ ನಿಯಮಗಳು ಎರಡೇ. ಕೈ ತೊಳೆಯದೆ ಹಿಟ್ಟಿನ ಕೋಣೆಗೆ ಕಾಲಿಡಬಾರದು, ಮುಚ್ಚಿಟ್ಟ ಹಿಟ್ಟಿನ ಬಟ್ಟೆ ತೆಗೆದು ನೋಡಬಾರದು. ಮೊದಲನೆಯದನ್ನು ಅವಳ ಮಗನೇ ದಿನವೂ ಮುರಿಯುತ್ತಿದ್ದ, ದಿನವೂ ಬೈಸಿಕೊಳ್ಳುತ್ತಿದ್ದ, ಅದು ಬಿಡಿ. ಎರಡನೆಯದನ್ನು ಮುರಿಯುವ ಧೈರ್ಯ ಮಾತ್ರ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅಜ್ಜಿಗೆ ಅವಳ ಅತ್ತೆ ಹೇಳಿಕೊಟ್ಟದ್ದು, ಅವಳು ಮಗನಿಗೆ ಹೇಳಿಕೊಟ್ಟದ್ದು, ಈಗ ಮೊಮ್ಮಗಳಿಗೂ ಅದೇ ಪಾಠ.

"ಹಿಟ್ಟು ಮಲಗಿದೆ. ಇಣುಕಿ ನೋಡಿದ್ರೆ ಕೂತುಬಿಡುತ್ತೆ. ಆಮೇಲೆ ನೀನು ತಲೆಕೆಳಗಾಗಿ ನಿಂತ್ರೂ ಉಬ್ಬಲ್ಲ, ನೋಡ್ಕೊ."

ಇದು ಹಸಿ ಸುಳ್ಳು. ಒಂದು ಗಳಿಗೆ ಬಟ್ಟೆ ಸರಿಸಿ ನೋಡಿದರೆ ಯಾವ ಹಿಟ್ಟೂ ಕೂರುವುದಿಲ್ಲ. ಯಾರೂ ಇಲ್ಲದಾಗ ಅಜ್ಜಿಯೇ ಬಟ್ಟೆ ತೆಗೆದು, ಬೆರಳಿನಿಂದ ಒತ್ತಿ, ಹದ ನೋಡಿ, ಮತ್ತೆ ಮುಚ್ಚುತ್ತಿದ್ದಳು. ಮೂಗಿನಲ್ಲಿ ಬೆರಳಿಟ್ಟುಕೊಂಡು ತಿರುಗುವ ಮಕ್ಕಳು ಅದೇ ಬೆರಳನ್ನು ಹಿಟ್ಟಿಗೂ ಇಡದಿರಲಿ ಎಂದು ಯಾವ ಕಾಲದಲ್ಲೋ ಯಾರೋ ಹುಟ್ಟಿಸಿದ ಬೆದರಿಕೆ ಅದು. ಕೆಲಸಕ್ಕೆ ಬರುತ್ತಿತ್ತು, ಹಾಗಾಗಿ ಉಳಿದುಕೊಂಡಿತ್ತು.

ಅಂಗಡಿ ಕೆಳಗೆ, ಮನೆ ಮೇಲೆ. ಬೀದಿಗೆ ಮುಖ ಮಾಡಿ ಗಾಜಿನ ಕಪಾಟು, ಅದರ ಹಿಂದೆ ಭಟ್ಟಿ, ಭಟ್ಟಿಯ ಗೋಡೆಗೆ ಅಂಟಿಕೊಂಡು ಹಿಟ್ಟಿನ ಕೋಣೆ. ಆ ಗೋಡೆ ಯಾವಾಗಲೂ ಬೆಚ್ಚಗಿರುವುದರಿಂದ ಹಿಟ್ಟು ಚೆನ್ನಾಗಿ ಉಬ್ಬುತ್ತಿತ್ತು. ಭಟ್ಟಿ ಮಗನ ಪಾಲಿಗೆ, ಹಿಟ್ಟಿನ ಕೋಣೆ ಅಜ್ಜಿಯ ಪಾಲಿಗೆ. ಗಲ್ಲಾದಲ್ಲಿ ಸೊಸೆ ಕೂರುತ್ತಿದ್ದಳು. ಅವಳದು ನಗುಮೊಗ, ಬಾಯಿ ತುಂಬ ಮಾತು. ಬ್ರೆಡ್ಡಿಗೆಂದು ಬಂದವರು ಅವಳ ಮಾತಿಗೆ ಸಿಕ್ಕಿ ಬಿಸ್ಕತ್ತನ್ನೂ ಕಟ್ಟಿಸಿಕೊಂಡು ಹೋಗುತ್ತಿದ್ದರು.

ಅವಳ ಮಗಳೇ ಬನ್ನು. ಹುಟ್ಟಿದಾಗ ಗುಂಡಗೆ, ನುಣ್ಣಗೆ, ಆಗತಾನೇ ಭಟ್ಟಿಯಿಂದ ಇಳಿದವಳ ಹಾಗಿದ್ದಳೆಂದು ಅಪ್ಪ ಹಾಗೆ ಕರೆದ. ನಿಜವಾದ ಹೆಸರು ಒಂದಿದೆ, ಆದರೆ ಆ ಹೆಸರಿನಿಂದ ಕರೆದರೆ ಅವಳು ತಿರುಗಿಯೂ ನೋಡುತ್ತಿರಲಿಲ್ಲ.

ನಾಲ್ಕು ವರ್ಷದ ಬನ್ನುವಿನ ಪ್ರಪಂಚದ ಲೆಕ್ಕಾಚಾರವೇ ಬೇರೆ. ಇಡೀ ಬನ್ನು ಕೊಟ್ಟರೆ ಒಂದೇ ಎಂದು ಮುಖ ಊದಿಸುತ್ತಿದ್ದಳು. ಅದನ್ನೇ ನಾಲ್ಕು ತುಂಡು ಮಾಡಿಕೊಟ್ಟರೆ ನಾಲ್ಕು ಸಿಕ್ಕಿತೆಂದು ಕುಣಿಯುತ್ತಿದ್ದಳು. "ಗಲ್ಲಾದಲ್ಲಿ ನಿನ್ನ ಕೂರಿಸಿದ್ರೆ ಅಂಗಡಿ ಮುಳುಗಿದ ಹಾಗೇ" ಎಂದು ಅಜ್ಜಿ ಬೈಯುತ್ತಲೇ ತುಂಡು ಮಾಡಿಕೊಡುತ್ತಿದ್ದಳು. ಈಗ ಅಲ್ಲದ್ದೆಲ್ಲ ಬನ್ನುವಿಗೆ ನಾಳೆ. ಆಗಿಹೋದದ್ದೂ ನಾಳೆ, ಆಗಬೇಕಾದದ್ದೂ ನಾಳೆ. ಅಜ್ಜಿ ಹುಟ್ಟುವಾಗಲೇ ಅಜ್ಜಿಯಾಗಿ, ಸೊಂಟ ಹಿಡಿದುಕೊಂಡೇ ಹುಟ್ಟಿದವಳು. ಬಿಸಿ ಇರುವುದಕ್ಕೆಲ್ಲ ಜೀವ ಇದೆ: ಬೆಕ್ಕಿಗೆ, ಭಟ್ಟಿಗೆ, ಅಪ್ಪನ ಚಹಾದ ಲೋಟಕ್ಕೆ. ಲೋಟ ತಣ್ಣಗಾದರೆ "ಮಲಗಿತು" ಎನ್ನುತ್ತಿದ್ದಳು.

ದೊಡ್ಡವರು ಕೇಳಿ ನಗುತ್ತಿದ್ದರು. ಬನ್ನು ತಮಾಷೆ ಮಾಡುತ್ತಿರಲಿಲ್ಲ. ಕಂಡದ್ದನ್ನು, ಕೇಳಿದ್ದನ್ನು, ಮುಟ್ಟಿದ್ದನ್ನು ಒಂದಕ್ಕೊಂದು ಗಂಟು ಹಾಕಿ ತನ್ನ ಪ್ರಪಂಚವನ್ನು ತಾನೇ ಕಟ್ಟಿಕೊಳ್ಳುತ್ತಿದ್ದಳು. ಯಾವುದಕ್ಕೆ ಯಾವುದನ್ನು ಗಂಟು ಹಾಕಿದಳೆಂದು ತಿರುಗಿ ನೋಡುವಷ್ಟು ಪುರುಸೊತ್ತು ಆ ಮನೆಯಲ್ಲಿ ಯಾರಿಗಿತ್ತು?

ಅವಳ ಜೀವವೆಲ್ಲ ಹಿಟ್ಟಿನ ಕೋಣೆಯಲ್ಲಿ. ಒದ್ದೆ ಬಿಳಿ ಬಟ್ಟೆ ಹೊದ್ದ ದೊಡ್ಡ ಬೋಗುಣಿಗಳ ನಡುವೆ ಪುಟ್ಟ ಮಣೆ ಹಾಕಿಕೊಂಡು ಕಾವಲು ಕೂರುತ್ತಿದ್ದಳು. ಒಳಗೆ ಬಂದವರಿಗೆ ಬಾಯಿ ಮೇಲೆ ಬೆರಳಿಟ್ಟು ತೋರಿಸುತ್ತಿದ್ದಳು.

"ಅಜ್ಜಿ, ಹಿಟ್ಟಿಗೆ ಕನಸು ಬೀಳುತ್ತಾ?"

"ಬೀಳದೆ ಏನು. ಬೆಣ್ಣೆ ಕನಸು ಬೀಳುತ್ತೆ."

"ನೋಡಿದ್ರೆ ಕನಸು ಓಡಿಹೋಗುತ್ತೆ, ಅಲ್ವಾ?"

"ಅದಕ್ಕೇ ನೋಡಬಾರದು ಅಂದಿದ್ದು. ಸುಮ್ನೆ ಕೂತ್ಕೊ."

ಆಮೇಲೆ ಪಾಪು ಹುಟ್ಟಿದ. ಬೆಳ್ಳಗೆ, ಮೆತ್ತಗೆ, ಬೆಚ್ಚಗೆ. ಹಗಲೆಲ್ಲ ಬಟ್ಟೆ ಹೊದ್ದು ಮಲಗಿರುತ್ತಿದ್ದ, ಎದ್ದಾಗ ಮೊದಲಿಗಿಂತ ಚೂರು ದೊಡ್ಡವನಾಗಿರುತ್ತಿದ್ದ. ಬನ್ನುವಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ; ಇಂಥದ್ದನ್ನು ಅವಳು ದಿನವೂ ಕೆಳಗೆ ನೋಡುತ್ತಿದ್ದಳು. "ಇವನೂ ಉಬ್ತಾನಾ ಅಜ್ಜಿ?" ಎಂದು ಕೇಳಿದಳು. ಅಜ್ಜಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕು, "ಹೂಂ ಕಣೇ, ನೋಡ್ತಾ ಇರು, ನಿಮ್ಮಪ್ಪನಷ್ಟು ಉಬ್ತಾನೆ. ಹಿಟ್ಟಿನ ಹಾಗೇ ಇವನೂ. ಮಲಗಿದ್ದಾಗ ಮುಟ್ಟಬಾರದು, ಬಟ್ಟೆ ತೆಗೆದು ನೋಡಬಾರದು, ತಿಳೀತಾ?" ಎಂದಳು. ಬಾಯಿಗೆ ಬಂದ ಮಾತು. ಹೇಳಿದಳು, ಮರೆತಳು.

ಪಾಪು ಇನ್ನೂ ಮಗ್ಗುಲು ಕೂಡ ಹೊರಳಿರಲಿಲ್ಲ. ಒಂದು ಮಧ್ಯಾಹ್ನ ಸೊಸೆ ಅವನಿಗೆ ಹಾಲು ಕೊಟ್ಟು, ತೊಟ್ಟಿಲಿಗೆ ಹಾಕಿ, ಪಕ್ಕದ ಮಂಚದಲ್ಲಿ ತಾನೂ ಒರಗಿದವಳು ಹಾಗೇ ನಿದ್ದೆ ಹೋದಳು. ಎದ್ದು ನೋಡುವಾಗ ಮಗು ತಣ್ಣಗಾಗಿತ್ತು. ಓಡಿ ಬಂದ ಡಾಕ್ಟರು ಪರೀಕ್ಷೆ ಮಾಡಿ, ಇಷ್ಟು ಚಿಕ್ಕ ಮಕ್ಕಳಿಗೆ ಕೆಲವೊಮ್ಮೆ ನಿದ್ದೆಯಲ್ಲೇ ಉಸಿರು ನಿಂತುಹೋಗುತ್ತದೆ, ಯಾಕೆಂದು ನಮಗೂ ತಿಳಿಯುವುದಿಲ್ಲ, ಯಾರ ತಪ್ಪೂ ಅಲ್ಲ ಎಂದು ಹೇಳಿ ತಲೆ ತಗ್ಗಿಸಿ ಹೋದರು. ಅವರು ಹೇಳಿದ್ದು ಯಾರ ಕಿವಿಗೆ ಬಿತ್ತೋ ಯಾರಿಗೆ ಗೊತ್ತು. ಅದಕ್ಕೂ ಮೊದಲೇ ಅಜ್ಜಿಯ ಬಾಯಿಂದ ಒಂದು ಮಾತು ಬಿದ್ದುಹೋಗಿತ್ತು. "ಪಕ್ಕದಲ್ಲೇ ಇದ್ಯಲ್ಲಮ್ಮ, ನಿನಗೆ ಎಚ್ಚರಾನೇ ಆಗ್ಲಿಲ್ವಾ?" ದೂರಬೇಕೆಂದು ಕೇಳಿದ್ದಲ್ಲ. ಸಂಕಟಕ್ಕೆ ಬಾಯಿ ತನ್ನಷ್ಟಕ್ಕೆ ಆಡಿದ್ದು. 

ಮಗ ಪಾಪುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಎದೆಗೊತ್ತಿಕೊಂಡು ಮೆಟ್ಟಿಲಿಳಿದ. ಮೆಟ್ಟಿಲ ಮೇಲೆ ನಿಂತಿದ್ದ ಬನ್ನು, "ಪಾಪು ಎಲ್ಲಿಗೆ?" ಎಂದಳು. ಅಜ್ಜಿ ಅವಳ ಮುಖವನ್ನು ತನ್ನ ಸೊಂಟಕ್ಕೆ ಒತ್ತಿಕೊಂಡು, "ಪಾಪು ಮಲಗಿದ್ದಾನೆ ಪುಟ್ಟ, ಸದ್ದು ಮಾಡಬೇಡ" ಎಂದಳು. ಆ ಹೊತ್ತಿಗೆ ಬೇರೆ ಯಾವ ಮಾತು ಹೊಳೆಯುತ್ತದೆ ಹೇಳಿ. ಮಣ್ಣು ಮಾಡಿ ಬಂದರು. ಮರುದಿನವೂ, ಅದರ ಮರುದಿನವೂ ಮಗು ಕೇಳಿದಾಗ ಎಲ್ಲರೂ ಅದನ್ನೇ ಹೇಳಿದರು. ಆಮೇಲೆ ಬನ್ನು ಕೇಳುವುದನ್ನೇ ಬಿಟ್ಟಳು. ಸದ್ಯ, ಮರೆತಳು ಎಂದುಕೊಂಡರು. ಪಕ್ಕದ ಅಂಗಡಿಯ ಹೊಲಿಗೆಯವಳೂ ಸೂಜಿಗೆ ದಾರ ಪೋಣಿಸುತ್ತಾ, "ಅಷ್ಟು ಸಣ್ಣ ಮಕ್ಕಳಿಗೆ ಏನು ತಿಳಿಯುತ್ತೆ ಬಿಡಿ ಅಜ್ಜಿ. ಅವರ ಪಾಡಿಗೆ ಆಡ್ಕೊಂಡಿರ್ತಾರೆ" ಎಂದಳು. ಅಜ್ಜಿಯೂ ಹೂಂಗುಟ್ಟಿದಳು.

ಬನ್ನು ಆಡಿಕೊಂಡಿರಲಿಲ್ಲ. ಹಿಟ್ಟಿನ ಕೋಣೆಯ ಹೊಸ್ತಿಲು ದಾಟುವುದನ್ನು ನಿಲ್ಲಿಸಿದಳು. ಅವಳ ಮಣೆ ಬೋಗುಣಿಗಳ ನಡುವೆ ಖಾಲಿ ಬಿದ್ದಿತ್ತು. ತಟ್ಟೆಯ ಮೇಲೆ ಮುಚ್ಚಳ ಇಟ್ಟುಕೊಟ್ಟರೆ ಉಪವಾಸ ಕೂರುತ್ತಿದ್ದಳೇ ಹೊರತು ಮುಚ್ಚಳ ತೆಗೆಯುತ್ತಿರಲಿಲ್ಲ. ಊಟವಾದ ಮೇಲೆ ಅಪ್ಪ ಮುಖದ ಮೇಲೆ ಟವೆಲ್ ಹಾಕಿಕೊಂಡು ಬೆಂಚಿನಲ್ಲಿ ಅಡ್ಡಾದರೆ ಹಿಂದೆ ಹಿಂದೆ ಸರಿದು ಬೀದಿಗೆ ಓಡುತ್ತಿದ್ದಳು. ಮಲಗಿಸುವಾಗ ಹೊದಿಕೆ ಹಾಕಿದರೆ ಒದ್ದು ಎಸೆಯುತ್ತಿದ್ದಳು. ಎಲ್ಲಕ್ಕಿಂತ ಹೆಚ್ಚಾಗಿ, ಅಮ್ಮನ ಕೋಣೆಗೆ ಹೋಗುತ್ತಿರಲಿಲ್ಲ.

ಅಮ್ಮನಾದರೂ ಎದ್ದು ಬರುತ್ತಿದ್ದಳೇ? ಆ ದಿನದಿಂದ ಅವಳು ತಲೆ ತುಂಬ ಮುಸುಕು ಹಾಕಿಕೊಂಡು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಿದ್ದಳು. ಕರೆದರೆ ಎದ್ದು ಎರಡು ತುತ್ತು ತಿಂದು ಮತ್ತೆ ಮುಸುಕಿನೊಳಗೆ. ಗಲ್ಲಾದಲ್ಲಿ ಈಗ ಮಗನೇ ಓಡಾಡಿಕೊಂಡು ಕಾಸು ಎಣಿಸುತ್ತಿದ್ದ, ಒಳಗೆ ಬ್ರೆಡ್ಡು ಸೀಯುತ್ತಿತ್ತು. ಒಂದು ದಿನ ಅಜ್ಜಿ ಗಂಜಿ ಇಟ್ಟು ತಿರುಗುವಾಗ ಸೊಸೆ ಮುಸುಕಿನ ಒಳಗಿಂದಲೇ ಮಾತಾಡಿದಳು.

"ಅತ್ತೆ, ಬನ್ನು ಯಾಕೆ ನನ್ನ ಹತ್ರ ಬರಲ್ಲ?"

"ಮಕ್ಕಳಲ್ವಾ, ಬರ್ತಾಳೆ."

"ಬಾಗಿಲ ತನಕ ಬರ್ತಾಳೆ. ನಿಂತು ನೋಡ್ತಾಳೆ. ಹೋಗಿಬಿಡ್ತಾಳೆ. ಅವಳಿಗೂ ಗೊತ್ತಾಗಿದೆ."

"ಏನು ಗೊತ್ತಾಗಿದೆ?"

ಸೊಸೆ ಗೋಡೆಯ ಕಡೆಗೆ ಇನ್ನಷ್ಟು ಸರಿದು ಮುಸುಕು ಬಿಗಿದುಕೊಂಡಳು. ಅಜ್ಜಿ ಮೆಟ್ಟಿಲಿಳಿಯುವಾಗ ಗೋಡೆ ಹಿಡಿದುಕೊಂಡೇ ಇಳಿದಳು. ಒಂದು ಮಗು ಮಣ್ಣಿಗೆ ಹೋಯಿತು. ಇರುವ ಇನ್ನೊಂದು ಮಗು, ಅದರ ತಾಯಿ, ಇಬ್ಬರೂ ಕಣ್ಣೆದುರಿಗೇ ಕೈ ತಪ್ಪಿ ಹೋಗುತ್ತಿದ್ದಾರೆ. ಯಾಕೆಂದು ಗೊತ್ತಾದರೆ ತಾನೇ ಏನಾದರೂ ಮಾಡುವುದು? ಮಗುವನ್ನು ಕೂರಿಸಿಕೊಂಡು ಕೇಳಿದಳು, ಗದರಿಸಿ ಕೇಳಿದಳು, ಜಾಮ್ ಹಚ್ಚಿದ ಬ್ರೆಡ್ಡು ಕೊಟ್ಟು ಕೇಳಿದಳು. ಬನ್ನು ಬ್ರೆಡ್ಡು ತಿಂದಳು, ಬಾಯಿ ಬಿಡಲಿಲ್ಲ.

ಗುಟ್ಟು ಹೊರಬಿದ್ದದ್ದು ಹಾಲಿನವನಿಂದ. ಪಾಪ, ಒಳ್ಳೆಯ ಮನುಷ್ಯ. ಸ್ವಲ್ಪ ಮೂಗು ತೂರಿಸುವ ಚಾಳಿ ಅಷ್ಟೇ. ಬೆಳಿಗ್ಗೆ ಕ್ಯಾನು ಇಳಿಸಿದವನು ಹಿಟ್ಟಿನ ಕೋಣೆಯ ಬಾಗಿಲಲ್ಲಿ ನಿಂತು, "ಏನಜ್ಜಿ, ಇವತ್ತು ಹಿಟ್ಟು ಬಹಳ ಗತ್ತಿನಲ್ಲಿದೆ" ಎನ್ನುತ್ತಾ ಹತ್ತಿರದ ಬೋಗುಣಿಯ ಬಟ್ಟೆಗೆ ಕೈ ಹಾಕಿದ. ಬಾಗಿಲ ಆಚೆ ಹಿಟ್ಟಿನ ಮೂಟೆಗಳ ಮೇಲೆ ಕೂತಿದ್ದ ಬನ್ನು ಎಲ್ಲಿಂದ ಬಂದಳೋ, ಬಂದವಳೇ ಅವನ ಕೈಯನ್ನು ಕಚ್ಚಿ ಹಿಡಿದುಬಿಟ್ಟಳು. ಬಿಡಿಸಿದರೆ ಬಿಡಲೊಲ್ಲಳು. ಅಪ್ಪ ಭಟ್ಟಿ ಬಿಟ್ಟು ಓಡಿ ಬಂದು ಎತ್ತಿಕೊಂಡ ಮೇಲೆ ಬಿಟ್ಟಳು. ಹಾಲಿನವನು ಕೈ ಕೊಡವಿಕೊಳ್ಳುತ್ತಾ, "ಹಲ್ಲು ಗಟ್ಟಿ ಇದೆ, ನನ್ನ ಹಾಲು ಕುಡಿದಿದ್ದಕ್ಕೂ ಸಾರ್ಥಕ" ಎಂದು ನಗಲು ನೋಡಿದ. ಮಗುವಿನ ಮುಖ ಕಂಡು ನಗು ಅಲ್ಲಿಗೇ ನಿಂತಿತು.

ಮಗ ಹೊಡೆಯಲು ಕೈ ಎತ್ತಿದ್ದ. ಅಜ್ಜಿ ಅವನನ್ನು ತಡೆದು, ಹಾಲಿನವನಿಗೆ ಅರಿಸಿನ ಕೊಟ್ಟು ಕಳಿಸಿ, ಬನ್ನುವನ್ನು ಮೂಟೆಯ ಮೇಲೆ ಕೂರಿಸಿಕೊಂಡಳು. 

"ಯಾಕೆ ಕಚ್ಚಿದೆ?"

"ಅವನು ನೋಡ್ತಿದ್ದ."

"ನೋಡಿದ್ರೆ ನೋಡ್ಲಿ. ಹಿಟ್ಟು ತಾನೇ."

"ನೋಡಿದ್ರೆ ಅದು ಏಳಲ್ಲ." ಬನ್ನು ಅಜ್ಜಿಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಹೇಳಿದಳು, "ನಾನು ಪಾಪೂನ ನೋಡ್ಬಿಟ್ಟೆ."

"ಯಾವಾಗ?"

"ನಾಳೆ. ಅಮ್ಮ ಮಲಗಿದ್ಳು. ನಾನು ಬಟ್ಟೆ ತೆಗೆದೆ. ಎಷ್ಟು ಉಬ್ಬಿದ್ದಾನೆ ಅಂತ ನೋಡೋಕೆ. ಚೂರೇ ಚೂರು ತೆಗೆದೆ ಅಜ್ಜಿ. ಮತ್ತೆ ಮುಚ್ಚಿಬಿಟ್ಟೆ. ಆಮೇಲೆ ಅವನು ಏಳಲೇ ಇಲ್ಲ."

 ಇಷ್ಟು ದಿನ ಈ ಕೂಸು, ಇನ್ನೂ ನೆಟ್ಟಗೆ ಚಪ್ಪಲಿ ಹಾಕಿಕೊಳ್ಳಲು ಬಾರದ ಕೂಸು, ತಮ್ಮನನ್ನು ಏಳದಂತೆ ಮಾಡಿದವಳು ತಾನೇ ಎಂಬುದನ್ನು ಹೊಟ್ಟೆಯೊಳಗೆ ಇಟ್ಟುಕೊಂಡು, ಅದೇ ಹೊಟ್ಟೆಗೆ ಅನ್ನ ಹಾಕಿಕೊಂಡು ತಿರುಗುತ್ತಿತ್ತು. ಅಮ್ಮನ ಕೋಣೆಯ ಬಾಗಿಲಲ್ಲಿ ನಿಂತು ಹಿಂದಿರುಗುತ್ತಿದ್ದದ್ದು ಯಾಕೆಂದು ಈಗ ತಿಳಿಯಿತು. ಅಮ್ಮ ಮುಸುಕು ಹಾಕಿ ಮಲಗಿದ್ದಾಳೆ. ಹತ್ತಿರ ಹೋದರೆ ನೋಡಬೇಕಾಗುತ್ತದೆ, ನೋಡಿದರೆ ಅವಳೂ ಏಳುವುದಿಲ್ಲ.

"ಇಲ್ಲ ಕಂದ, ನೀನು ಏನೂ ಮಾಡಿಲ್ಲ. ನೋಡಿದ್ರೆ ಏನೂ ಆಗಲ್ಲ. ಸುಮ್ಸುಮ್ನೆ ಹೇಳಿದ್ದು ನಾನು" ಎಂದು ಅಜ್ಜಿ ಹೇಳಿದಳು, ಇನ್ನೊಮ್ಮೆ ಹೇಳಿದಳು, ಅಳುತ್ತಾ ಹೇಳಿದಳು. ಬನ್ನು ಅಜ್ಜಿಯನ್ನೇ ನೋಡಿದಳು. ನಂಬಲಿಲ್ಲ. ಹೇಗೆ ನಂಬುತ್ತಾಳೆ? ನೋಡಬಾರದು ಎಂದವಳೂ ಇದೇ ಅಜ್ಜಿ. ಬನ್ನು ನೋಡಿದಳು, ಪಾಪು ಏಳಲಿಲ್ಲ. ಅವಳ ಲೆಕ್ಕ ಸರಿಯಾಗಿಯೇ ಇತ್ತು. ಬಾಯಿ ಮಾತಿನಲ್ಲಿ ಹಾಕಿದ ಗಂಟು ಬಾಯಿ ಮಾತಿನಲ್ಲಿ ಬಿಚ್ಚುವಂತಿರಲಿಲ್ಲ.

ಅಜ್ಜಿ ಮೂಗು ಒರೆಸಿಕೊಂಡು ಎದ್ದಳು. ಕೈ ತೊಳೆದಳು, ಮಗುವಿನ ಕೈಯನ್ನೂ ತೊಳೆಸಿದಳು, ಅವಳನ್ನು ಎತ್ತಿಕೊಂಡು ಹಿಟ್ಟಿನ ಕೋಣೆಗೆ ಹೋದಳು. ಒಂದು ಸಣ್ಣ ಬೋಗುಣಿಗೆ ಎರಡು ಹಿಡಿ ಹಿಟ್ಟು, ಚಿಟಿಕೆ ಉಪ್ಪು, ಸಕ್ಕರೆ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆದ ಈಸ್ಟು. ಮಗುವಿನ ಕೈಯಿಂದಲೇ ಕಲಸಿಸಿದಳು. ಉಂಡೆ ಮಾಡಿ, ಒದ್ದೆ ಬಟ್ಟೆ ಮುಚ್ಚಿ, ಬೆಚ್ಚಗಿನ ಗೋಡೆಗೆ ತಾಗಿಸಿಟ್ಟಳು.

"ಈಗ ತೆಗೆದು ನೋಡು."

ಬನ್ನು ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.

"ಸರಿ. ನಾನೇ ನೋಡ್ತೀನಿ." ಅಜ್ಜಿ ಬಟ್ಟೆ ತೆಗೆದು, ಬಗ್ಗಿ, ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು. "ಏ ಹಿಟ್ಟೇ, ನಿನ್ನ ನೋಡಿದೆ ಕಣೋ. ಏನು ಮಾಡ್ಕೋತೀಯ ಮಾಡ್ಕೊ." ಬನ್ನು ಕಣ್ಣು ಮುಚ್ಚಿಕೊಂಡಳು. ಅಜ್ಜಿ ಮುಚ್ಚಿದಳು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆದಳು. ಆ ಬೆಳಗ್ಗೆ ಅಂಗಡಿಗೆ ಬೇಕಾದ ಹಿಟ್ಟು ಕಲಸುವುದು ಅಲ್ಲಿಗೇ ನಿಂತಿತು. ಏನಾಯಿತೆಂದು ಇಣುಕಿದ ಮಗ ಗಾಬರಿಯಿಂದ, "ಅಮ್ಮ, ಏನು ಮಾಡ್ತಿದ್ದೀಯ? ಬಟ್ಟೆ ತೆಗೆದ್ರೆ ಕೂತುಬಿಡಲ್ವಾ?" ಎಂದ. ಮೀಸೆ ಬಂದ ಗಂಡಸು, ಹುಟ್ಟಿದಾರಭ್ಯ ಭಟ್ಟಿಯ ಮುಂದೆಯೇ ಬೆಳೆದವನು, ಅವನೂ ನಂಬಿಕೊಂಡಿದ್ದ. ಅಜ್ಜಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ನೀನೂ ಬಂದು ನೋಡು, ಎಲ್ಲರೂ ನೋಡೋಣ" ಎಂದಳು.

ಅಪ್ಪ ನೋಡಿದ. ಅಪ್ಪ ನೋಡಿದ ಮೇಲೆ ಬನ್ನು ಬೆರಳ ಸಂದಿಯಿಂದ ನೋಡಿದಳು. ಆಮೇಲೆ ಒಂದು ಕಣ್ಣಿಂದ. ಆಮೇಲೆ ತನ್ನ ಕೈಯಿಂದಲೇ ಬಟ್ಟೆಯ ತುದಿಯನ್ನು ಚೂರೇ ಚೂರು ಎತ್ತಿದಳು, ಅಂದು ಎತ್ತಿದ ಹಾಗೇ ಇರಬೇಕು. ತಕ್ಷಣ ಬಿಟ್ಟು, ಬೋಗುಣಿಯನ್ನೇ ದಿಟ್ಟಿಸುತ್ತಾ ಕೂತಳು. ಎಷ್ಟೋ ದಿನಗಳಿಂದ ಖಾಲಿ ಇದ್ದ ಮಣೆಯ ಮೇಲೆ ಕೂತಿದ್ದು ಅವಳಿಗೂ ಗೊತ್ತಿರಲಿಲ್ಲ. ಬಿಸಿಲು ಬಾಗಿಲಿನ ಕಡೆಯಿಂದ ಬೋಗುಣಿಗಳ ಕಡೆಗೆ ಸರಿಯಿತು. ಹೊರಗೆ ಗಿರಾಕಿಗಳು ಕೂಗಿ ಕೂಗಿ ಬೇರೆ ಅಂಗಡಿಗೆ ಹೋದರು.

ಹಿಟ್ಟು ಉಬ್ಬಿತು. ಬೋಗುಣಿಯ ಅಂಚಿಗೆ ಬಂದು ಬಟ್ಟೆಯನ್ನೇ ಮೇಲಕ್ಕೆತ್ತಿತು. ಬನ್ನು ಬಟ್ಟೆಯನ್ನು ಪೂರ್ತಿ ತೆಗೆದಳು. ಬೆರಳಿನಿಂದ ಚುಚ್ಚಿದಳು, ಗುಳಿ ಬಿದ್ದದ್ದು ಮೆಲ್ಲಗೆ ತುಂಬಿಕೊಂಡಿತು.

"ಕೂತಿಲ್ಲ" ಎಂದಳು.

"ಕೂತಿಲ್ಲ."

"ನಾನು ನೋಡಿದ್ರೂ ಕೂತಿಲ್ಲ."

"ನೀನು ನೋಡಿದ್ದಕ್ಕೆ ಏನೂ ಆಗಿಲ್ಲ ಮಗಳೇ. ಇದಕ್ಕೂ ಆಗಿಲ್ಲ, ಅವತ್ತೂ ಆಗಿಲ್ಲ."

ಬನ್ನು ನಕ್ಕಳು. ಆ ನಗು ನೋಡಿ ಎಷ್ಟು ಕಾಲವಾಗಿತ್ತೋ. ಮಗ ಬಾಗಿಲಿಗೆ ಒರಗಿ ಮುಖ ಆಚೆ ತಿರುಗಿಸಿಕೊಂಡ. ಅಜ್ಜಿ ಉಸ್ಸೆಂದು ಗೋಡೆಗೆ ಒರಗಿ ಕಾಲು ಚಾಚಿದಳು. ಗೆದ್ದೆ ಎಂದುಕೊಂಡಳು. ಅಷ್ಟರಲ್ಲಿ ಬನ್ನು ಎದ್ದು ಹೊರಗೆ ಓಡಿ, ತನ್ನ ಚಪ್ಪಲಿ ತಂದು, ಎಡಗಾಲಿನದನ್ನು ಬಲಗಾಲಿಗೆ ಹಾಕಿಕೊಳ್ಳುತ್ತಾ ಹೇಳಿದಳು.

"ಹಾಗಾದ್ರೆ ಪಾಪು ಏಳ್ತಾನೆ. ಬಾ ಅಜ್ಜಿ, ಕರ್ಕೊಂಡು ಬರೋಣ."

 ಇದನ್ನು ಅಜ್ಜಿ ಯೋಚಿಸಿರಲಿಲ್ಲ. ತಪ್ಪು ತನ್ನದು ಎಂದಿದ್ದಾಗ ತಮ್ಮ ಏಳುವುದಿಲ್ಲವೆಂದು ಬನ್ನುವಿಗೆ ಗೊತ್ತಿತ್ತು. ಈಗ ತಪ್ಪು ಇಲ್ಲವಾದರೆ ಏಳದಿರಲು ಕಾರಣವೂ ಇಲ್ಲ. ನಿದ್ದೆ ಮಾಡಿದವರು ಏಳಲೇಬೇಕು. ಅಜ್ಜಿಯೇ ಅಲ್ಲವೇ ಅವನು ಮಲಗಿದ್ದಾನೆ ಎಂದದ್ದು.

ಮಗ ಅವಳ ತಲೆಯ ಮೇಲಿಂದ ಅಜ್ಜಿಗೆ ಕಣ್ಸನ್ನೆ ಮಾಡಿದ. ನಾಳೆ ಅಂತ ಹೇಳು. ಹೇಳಬಹುದಿತ್ತು. ಬನ್ನುವಿನ ನಾಳೆಗೆ ತಳವೇ ಇಲ್ಲ, ಎಷ್ಟು ಬೇಕಾದರೂ ತುಂಬಬಹುದು. ಅಜ್ಜಿಯ ನಾಲಿಗೆಯ ತುದಿಗೂ ಅದು ಬಂದಿತ್ತು. ಒಂದು ಸುಳ್ಳಿನಿಂದ ಆದದ್ದು ಸಾಲದೇ, ಇನ್ನೊಂದೇ? ಮಗುವನ್ನು ಹತ್ತಿರ ಎಳೆದುಕೊಂಡು, ತಿರುಗುಮುರುಗಾಗಿದ್ದ ಚಪ್ಪಲಿಗಳನ್ನು ಕಾಲಿಂದ ಬಿಡಿಸಿದಳು.

"ಪಾಪು ಏಳಲ್ಲ ಬನ್ನು."

"ನೋಡಿದ್ರೆ ಏನೂ ಆಗಲ್ಲ ಅಂದೆ."

"ಹೂಂ. ನೋಡಿದ್ದಕ್ಕಲ್ಲ. ಅವನು ಮಲಗಿದ್ದಾನೆ ಅಂತ ನಾನು ಹೇಳಿದ್ನಲ್ಲ, ಅದು ಸುಳ್ಳು. ಅವನು ಮಲಗಿಲ್ಲ. ಸತ್ತುಹೋಗಿದ್ದಾನೆ."

ಆ ಮನೆಯಲ್ಲಿ ಆ ಮಾತನ್ನು ಅಲ್ಲಿಯ ತನಕ ಯಾರೂ ಆಡಿರಲಿಲ್ಲ. ಮಗ ಕಣ್ಣು ಮುಚ್ಚಿಕೊಂಡ.

"ಹಾಗಂದ್ರೆ?"

ಹಿಟ್ಟಿನ ಹಾಗೆ, ಬ್ರೆಡ್ಡಿನ ಹಾಗೆ, ಭಟ್ಟಿಯ ಹಾಗೆ ಎಂದು ಏನೇನೋ ಅಜ್ಜಿಯ ತಲೆಯಲ್ಲಿ ಹಾದುಹೋಯಿತು. ಯಾವುದನ್ನೂ ಬಾಯಿಗೆ ಬಿಡಲಿಲ್ಲ. ಹೋಲಿಕೆ ಕೊಟ್ಟು ಕೆಟ್ಟದ್ದು ಸಾಕು.

"ಉಸಿರು ನಿಂತುಹೋಯ್ತು. ಇನ್ನು ಅವನು ಉಸಿರಾಡಲ್ಲ."

"ಹಸಿವಾದ್ರೆ?"

"ಹಸಿವಾಗಲ್ಲ."

"ಚಳಿ ಆಗಲ್ವಾ?"

"ಆಗಲ್ಲ. ನೋವೂ ಆಗಲ್ಲ."

"ಕತ್ತಲಿಗೆ ಹೆದರಿಕೆ?"

"ಹೆದರಿಕೆಯೂ ಇಲ್ಲ ಕಂದ."

"ದೊಡ್ಡವನಾದ್ಮೇಲೆ ಬರ್ತಾನಾ?"

"ದೊಡ್ಡವನಾಗಲ್ಲ. ಬರೋದೂ ಇಲ್ಲ."

ಬನ್ನು ಉಬ್ಬಿದ ಹಿಟ್ಟಿನ ಕಡೆ ನೋಡಿದಳು, ಅಪ್ಪನ ಕಡೆ ನೋಡಿದಳು. ಅವಳ ಕೆಳತುಟಿ ಮುಂದಕ್ಕೆ ಬಂತು. ಆದರೂ ಅಳಲಿಲ್ಲ, ಇನ್ನೂ ಒಂದು ಪ್ರಶ್ನೆ ಬಾಕಿ ಇತ್ತು. ಆಗುವುದನ್ನೆಲ್ಲ ಯಾರಾದರೂ ಮಾಡಿಯೇ ಇರಬೇಕು. ಲೋಟ ಒಡೆದರೆ ಯಾರೋ ಒಡೆದಿರುತ್ತಾರೆ, ಬ್ರೆಡ್ಡು ಸೀದರೆ ಅಪ್ಪ ಸೀಯಿಸಿರುತ್ತಾನೆ.

"ಯಾರು ಮಾಡಿದ್ದು?"

"ಯಾರೂ ಮಾಡಿಲ್ಲ."

"ನಾನಲ್ಲ?"

"ನೀನಲ್ಲ."

"ಅಪ್ಪ?"

"ಅಪ್ಪನೂ ಅಲ್ಲ, ನಾನೂ ಅಲ್ಲ."

"ಅಮ್ಮ?"

"ಅಮ್ಮನೂ ಅಲ್ಲ" ಎಂದಳು ಅಜ್ಜಿ. ಎಂದ ಮೇಲೆಯೇ ಅವಳಿಗೆ ಹೊಳೆಯಿತು. ಇದನ್ನು ಹೇಳಬೇಕಾದವಳಿಗೆ ತಾನು ಇಂದಿನವರೆಗೂ ಹೇಳಿಲ್ಲ. ಎಚ್ಚರ ಆಗಲಿಲ್ವಾ ಎಂದು ಕೇಳಿದ್ದಾಯಿತು. ಅದರ ಮೇಲೆ ಮುಚ್ಚಲು ಗಂಜಿ ಒಯ್ದು ಇಟ್ಟದ್ದಷ್ಟೇ.

ಬನ್ನು ದನಿ ತಗ್ಗಿಸಿ ಕೇಳಿದಳು. "ಅಮ್ಮನೂ ಸತ್ತುಹೋಗಿದ್ದಾಳಾ? ಮುಚ್ಕೊಂಡಿದ್ದಾಳೆ."

"ಇಲ್ಲಮ್ಮ. ಅಮ್ಮನಿಗೆ ಬಹಳ ದುಃಖ, ಅದಕ್ಕೆ ಮುಚ್ಕೊಂಡಿದ್ದಾಳೆ. ಹೋಗಿ ತೆಗೆದು ನೋಡು."

"ತೆಗೀಲಾ?"

"ತೆಗಿ."

ಬನ್ನು ಹಿಟ್ಟು ಮೆತ್ತಿದ ಕೈಯಲ್ಲಿ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದಳು. ಅಜ್ಜಿ ಮಂಡಿ ಹಿಡಿದುಕೊಂಡು ಹಿಂದೆ ಹತ್ತಿದಳು. ಕೋಣೆಯ ಬಾಗಿಲಲ್ಲಿ ಮಗು ಎಂದಿನ ಹಾಗೆ ನಿಂತಿತು. ಆಮೇಲೆ ಒಳಗೆ ಹೋಯಿತು. ಮಂಚದ ಪಕ್ಕ ನಿಂತು, ಮುಸುಕಿನ ತುದಿಯನ್ನು ಚೂರೇ ಚೂರು ಎತ್ತಿ, ಬಗ್ಗಿ ನೋಡಿತು. ಒಳಗೆ ಅಮ್ಮನ ಕಣ್ಣುಗಳು ತೆರೆದೇ ಇದ್ದವು.

ಬನ್ನು ಮುಸುಕನ್ನು ಪೂರ್ತಿ ಸರಿಸಿದಳು. ಅಮ್ಮನಿಗೆ ಇನ್ನೂ ಸುದ್ದಿ ಮುಟ್ಟಿಲ್ಲವೇನೋ, ತಾನೇ ಮೊದಲು ಹೇಳಬೇಕಾಗಿದೆಯೇನೋ ಎಂಬಂತೆ ಮೆಲ್ಲಗೆ ಹೇಳಿದಳು.

"ಅಮ್ಮ, ಪಾಪು ಸತ್ತೋದ."

ಸೊಸೆಯ ಮುಖದಲ್ಲಿ ಏನೂ ಅಲುಗಲಿಲ್ಲ.

"ಅವನು ಏಳಲ್ಲ. ಹಸಿವೂ ಆಗಲ್ಲ. ಯಾರೂ ಮಾಡಿಲ್ವಂತೆ. ನಾನು ನೋಡಿದ್ದೆ, ಆದ್ರೂ ನಾನಲ್ಲ. ನೀನೂ ಅಲ್ಲ. ಅಜ್ಜಿ ಹೇಳಿದ್ಳು."

ಸೊಸೆ ಮಗುವಿನ ಭುಜದ ಮೇಲಿಂದ ಬಾಗಿಲ ಕಡೆ ನೋಡಿದಳು. ಅಜ್ಜಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಇಡೀ ಅಂಗಡಿಗೆ ಕೇಳುವಷ್ಟು ಗಟ್ಟಿ ಬಾಯಿಯ ಹೆಂಗಸು ಈಗ ಮೆಲ್ಲಗೆ ಹೇಳಿದಳು. 
 

"ಹೂಂ ಕಣಮ್ಮ. ನೀನಲ್ಲ. ಅವತ್ತೇ ಹೇಳಬೇಕಿತ್ತು ನಾನು."

ಸೊಸೆಯ ಬಾಯಿ ತೆರೆಯಿತು. ಒಳಗಿನ ಅಳುವೆಲ್ಲ ಹೊರಗೆ ಬಂತು. ಕೆಳಗೆ ಭಟ್ಟಿಯ ಹತ್ತಿರ ನಿಂತಿದ್ದ ಮಗನಿಗೂ ಕೇಳಿಸಿತು, ಪಕ್ಕದ ಅಂಗಡಿಯಲ್ಲಿ ಹೊಲಿಗೆ ಯಂತ್ರ ನಿಂತಿತು. ಬನ್ನು ಹೆದರಲಿಲ್ಲ. ಮಂಚ ಹತ್ತಿ, ಅಮ್ಮನ ತೋಳಿನ ಕೆಳಗೆ ನುಸುಳಿ, ಅವಳೂ ಅಳಲು ಶುರು ಮಾಡಿದಳು. ಇಷ್ಟು ದಿನ ತನ್ನಿಂದಲೇ ಆಯಿತೆಂದು ಅಳುವುದಕ್ಕೂ ಹೆದರಿದ್ದವಳು ಈಗ ತಮ್ಮನಿಗಾಗಿ ಅತ್ತಳು. ಅಮ್ಮ ಹೊದಿಕೆಯನ್ನು ಎಳೆದು ಇಬ್ಬರ ಮೇಲೂ ಹಾಕಿಕೊಂಡಳು. ಮಗು ಅದನ್ನು ಒದೆಯಲಿಲ್ಲ.

ಬಹಳ ಹೊತ್ತಿನ ಮೇಲೆ ಹೊದಿಕೆಯೊಳಗೆ ಬಿಕ್ಕುಗಳು ದೂರ ದೂರವಾದವು. ಅಜ್ಜಿ ಇನ್ನೂ ಬಾಗಿಲಲ್ಲೇ ಇದ್ದಳು. ಒಳಗಿಂದ ಬನ್ನುವಿನ ಕಟ್ಟಿದ ಮೂಗಿನ ದನಿ ಕೇಳಿಸಿತು.

"ಅಜ್ಜಿ, ನಮ್ಮನ್ನ ನೋಡ್ಬೇಕು ಅಂದ್ರೆ ತೆಗೆದು ನೋಡು. ಏನೂ ಆಗಲ್ಲ."

ಅಜ್ಜಿ ತೆಗೆದು ನೋಡಲಿಲ್ಲ. ಹೊಸ್ತಿಲ ಮೇಲೆ ಕೂತು, ಹಿಟ್ಟಿನ ಕೈಗಳಲ್ಲೇ ಮುಖ ಮುಚ್ಚಿಕೊಂಡು, ಪಾಪುವಿಗಾಗಿ ಮೊದಲ ಸಲ ಅತ್ತಳು.